ಮನೆ ನೋಡಲು ಹೋಗಿ ಉಡಿ ತುಂಬಿಸಿಕೊಂಡು ಬಂದದ್ದು

ಹಳೇ ಬಾಗಲಕೋಟೆಯ ಒಂದು ಓಣಿಯ ಬಾಡಿಗೆ ಮನೆಯಲ್ಲಿ ನಮ್ಮ ಸಂಸಾರದ ಬಹುಪಾಲು ಕಳೆಯಿತು. ಕೆಳಗೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಏಣಿಯಂಥ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಆ ಕೋಣೆಯಲ್ಲಿ ನಮ್ಮ ಮನೆಯವರು ಅಂಗಿ ತೊಡುವಾಗ ಕೈ ಮೇಲೆತ್ತಿದರೆ ಫ್ಯಾನಿಗೆ ತಾಗುತ್ತದೆಂದು ಮೊದಲು ಫ್ಯಾನು ಆರಿಸಿ, ಆಮೇಲೆ ತೋಳು ತೂರಿಸುತ್ತಿದ್ದರು. ನೀರು ಬಂದ ದಿನ ಕೊಡ, ಬಕೀಟು, ಬೋಗುಣಿ ಎಲ್ಲ ತುಂಬಿಟ್ಟರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಳ್ಳೆಯ ಮನೆ ಅಂತ ನಾನು ಯಾರಿಗೂ ಹೇಳಲಾರೆ.

ಆದರೆ ಆ ಮನೆಯಿಂದ ನನಗೆ ಬೇಕಾದ್ದೆಲ್ಲ ನನ್ನ ಕಾಲಿಗೆ ನಿಲುಕುತ್ತಿತ್ತು. ಮುಂಜಾನೆ ರೊಟ್ಟಿ ಬಡಿದು, ಇವರನ್ನು ಕಾಲೇಜಿನ ಆಫೀಸಿಗೆ ಕಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಬಿದ್ದರೆ ಹಿಟ್ಟಿನ ಗಿರಣಿ, ಅದರಾಚೆ ಕಾಯಿಪಲ್ಲೆಯವರು, ತಿರುವಿನಲ್ಲಿ ಬಳೆ ಅಂಗಡಿಯ ಚಾಚಿ. ಚಾಚಿ ಬಳೆ ಕೊಂಡರೂ ಕೂಡಿಸುತ್ತಿದ್ದಳು, ಕೊಳ್ಳದಿದ್ದರೂ ಕೂಡಿಸುತ್ತಿದ್ದಳು. ಹೋದವಳು ಬರುವಷ್ಟರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರು ದವಾಖಾನೆಗೆ ಸೇರಿದರು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲ ತಿಳಿದಿರುತ್ತಿತ್ತು. ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಇವರು ಒಮ್ಮೆ ಸ್ಕೂಟಿ ಕಲಿಸಲು ಹೋದಾಗ ನಾನು ಅದನ್ನು ಸೀದಾ ಗಿರಣಿಯೊಳಗೆ ನುಗ್ಗಿಸಿ, ಜೋಳದ ಚೀಲಗಳು ಅಡ್ಡ ಬಂದದ್ದಕ್ಕೆ ಉಳಿದೆ. ಗಿರಣಿಯವ ಅವತ್ತಿನಿಂದ ನನ್ನನ್ನು ಕಂಡರೆ, ಇವತ್ತ ನಡಕೋತ ಬಂದ್ರೇನ್ರಿ ಅಂತ ಕೇಳುತ್ತಿದ್ದ. ಹೂಂ, ನಡೆದುಕೊಂಡೇ. ಮದುವೆಯಾಗಿ ಇಳಕಲ್ಲಿನಿಂದ ಬಂದವಳು ಈ ಊರನ್ನು ನಡೆದು ನಡೆದೇ ನನ್ನದು ಮಾಡಿಕೊಂಡಿದ್ದೆ.

ಅಂಥ ಕಡೆಯೇ ಮನೆ ಕೊಂಡರಾಯಿತಲ್ಲ ಎಂದರೆ, ಹಳೇ ಊರಿನಲ್ಲಿ ಮನೆ ಕೊಳ್ಳುವವರಿಲ್ಲ. ಅಣೆಕಟ್ಟಿನ ಹಿನ್ನೀರು ಏರುತ್ತದೆ, ಈ ಓಣಿಗಳೂ ಮುಳುಗಡೆಗೆ ಹೋಗುತ್ತವೆ ಎಂಬ ಮಾತು ನಾನು ಬಂದಾಗಿನಿಂದ ಕೇಳಿದ್ದೇನೆ. ಮುಳುಗಲೂ ಇಲ್ಲ, ಮುಳುಗುವುದಿಲ್ಲ ಅಂತ ಯಾರೂ ಹೇಳಲೂ ಇಲ್ಲ. ಮಾಳಿಗೆ ಸೋರುತ್ತದೆ ಎಂದರೆ ನಮ್ಮ ಮನೆ ಮಾಲೀಕರು, ಮುಳುಗೋ ಮನಿಗೆ ಯಾಕ್ರಿ ಖರ್ಚು ಅನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ನಾನು ಕಲಸಿಟ್ಟ ಹಿಟ್ಟಿನ ಮೇಲೆ ಮಾಳಿಗೆಯ ಮಣ್ಣಿನ ಹೆಂಟೆ ಬಿತ್ತು. ಅವತ್ತು ಇವರು ಹಿಟ್ಟಿನ ಪರಾತವನ್ನೇ ನೋಡುತ್ತ ನಿಂತು, ಇನ್ನು ಸ್ವಂತ ಮನೆ ನೋಡಿಯೇಬಿಡೋಣ ಎಂದರು. ಮಗಳನ್ನು ಕೊಟ್ಟಾಗಿತ್ತು. ಇವರ ನಿವೃತ್ತಿ ಹತ್ತಿರ ಬರುತ್ತಿತ್ತು. ಹುನಗುಂದದಲ್ಲಿದ್ದ ಅತ್ತೆಯೂ ಮಾವ ತೀರಿದ ಮೇಲೆ ನಮ್ಮ ಜೊತೆಗೇ ಇದ್ದರು. ಮೂರು ಜನರ ಮನೆ, ಆದರೆ ಬಿಡಿ ಮನೆಯೇ ಬೇಕು, ಯಾರ ಗೋಡೆಗೂ ನಮ್ಮ ಗೋಡೆ ತಾಗಬಾರದು ಅಂತ ಇವರ ಹಟ.

ಮನೆ ನೋಡುವ ಕೆಲಸ ಶುರುವಾದ ಮೇಲೆ ಎಲ್ಲರಿಗೂ ಅವರವರ ಊರು ನೆನಪಾಯಿತು. ಅತ್ತೆ, ಹುನಗುಂದದಲ್ಲಿ ತಗೊಳ್ಳಿ, ಅಲ್ಲಿಯ ನೀರು ಕುಡಿದರೆ ಉಂಡದ್ದು ಅರಗುತ್ತದೆ ಎಂದರು. ನನ್ನ ಅಣ್ಣ ಇಳಕಲ್ಲಿನಿಂದ ಫೋನು ಮಾಡಿ, ಇಲ್ಲಿಗೇ ಬಂದುಬಿಡ್ರಿ ಎಂದ. ಕಾಲೇಜಿನಲ್ಲಿ ಯಾರೋ ಹೇಳಿದರೆಂದು ಒಂದು ಭಾನುವಾರ ಬಾದಾಮಿಗೂ ಹೋದೆವು. ಮನೆ ಗುಡ್ಡದ ಮಗ್ಗುಲಿಗಿತ್ತು, ಕೆಂಪು ಕಲ್ಲಿನ ಚಂದದ ಮನೆ. ಆದರೆ ಮಂಗಗಳ ಕಾಟಕ್ಕೆ ಬಾಗಿಲು, ಕಿಟಕಿ, ಹಿತ್ತಿಲು, ಬಟ್ಟೆ ಒಣಗಿಸುವ ಜಾಗ ಎಲ್ಲಕ್ಕೂ ಕಬ್ಬಿಣದ ಜಾಳಿಗೆ ಹೊಡೆಸಿದ್ದರು. ಮನೆಯವರು ಒಳಗೆ, ಮಂಗಗಳು ಹೊರಗೆ ಸಾಲಾಗಿ ಕೂತು ನಮ್ಮನ್ನು ನೋಡುತ್ತಿದ್ದವು. ಅತ್ತೆ ಆ ಜಾಳಿಗೆಗೆ ಕೈ ಹಿಡಿದು ನಿಂತು, ಹಿಂಗ ಇರಬೇಕಂದ್ರ ಪುಣ್ಯಾ ಮಾಡಿರಬೇಕು ನೋಡು ಅಂತ ನನ್ನ ಕಿವಿಯಲ್ಲಿ ಹೇಳಿ ನಗಿಸಿದರು. ಕಡೆಗೆ ಇವರ ನೌಕರಿ ಇರುವ ತನಕ ಬಾಗಲಕೋಟೆ ಬಿಡುವ ಹಾಗಿಲ್ಲ ಎಂದು ಊರಿನ ಮಾತು ಮುಗಿಯಿತು. ಉಳಿದದ್ದು ಯಾವ ಭಾಗ ಎಂಬುದು. ಹಳೇ ಊರು ಆಗದು ಅಂದಮೇಲೆ ವಿದ್ಯಾಗಿರಿ, ಇಲ್ಲವೇ ನವನಗರ.

ವಿದ್ಯಾಗಿರಿಯ ಮನೆಯನ್ನು ನಾನು ಮೆಟ್ಟಿಲಲ್ಲಿಯೇ ಒಪ್ಪಿದೆ. ಸಣ್ಣ ಮನೆ, ಆದರೂ ಇವರು ಕೇಳಿದ ಹಾಗೆ ಬಿಡಿ ಮನೆಯೇ. ಸುತ್ತ ಒಬ್ಬರು ಮಗ್ಗುಲಾಗಿ ನುಸುಳುವಷ್ಟು ಜಾಗ ಬಿಟ್ಟು ಕಟ್ಟಿದ್ದರು. ಎದುರು ಮನೆಯ ಹೆಂಗಸು ಬಾಗಿಲಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು. ನಾವು ಗಾಡಿಯಿಂದ ಇಳಿಯುವಷ್ಟರಲ್ಲಿ, ಯಾವ ಊರ್ರೀ ನಿಮ್ಮದು, ಮನಿ ನೋಡಾಕ ಬಂದ್ರೇನ್ರಿ, ಮಕ್ಕಳೆಷ್ಟು, ಅಂತ ಮೂರು ಪ್ರಶ್ನೆ ಕೇಳಿ ಮುಗಿಸಿದಳು. ನನ್ನ ತವರು ಇಳಕಲ್ಲು ಎಂದು ಗೊತ್ತಾಗಿ, ಹಂಗಾರ ನನಗೊಂದು ಸೀರಿ ತರಿಸಿ ಕೊಡ್ರಿ ಎಂದಳು. ಓಣಿಯ ತುದಿಗೆ ಕಿರಾಣಿ ಅಂಗಡಿ, ಅದರ ಮುಂದೆ ಸಿಟಿ ಬಸ್ಸು ನಿಲ್ಲುತ್ತಿತ್ತು. ಒಳಗೆ ಹೋಗಿ ಅಡುಗೆಮನೆ ನೋಡುವ ಮೊದಲೇ ನನ್ನ ಮನಸ್ಸು ಅಲ್ಲಿ ಪಾತ್ರೆ ಜೋಡಿಸಲು ಶುರು ಮಾಡಿತ್ತು.

ಇದ ಸಾಕ್ರಿ, ಅಂದೆ ಇವರಿಗೆ. ಇಷ್ಟು ವರ್ಷಗಳಲ್ಲಿ ನಾನಾಗಿ ಬಾಯಿ ಬಿಟ್ಟು ಕೇಳಿದ್ದು ಕಡಿಮೆ. ಆ ಎರಡು ಮಾತಿನಲ್ಲಿ ಎಷ್ಟು ತೂಕ ಇತ್ತೆಂದು ಇವರಿಗೆ ತಿಳಿಯಿತೋ ಇಲ್ಲವೋ. ಇವರು ರಸ್ತೆಯ ಅಗಲವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ನಾಳೆ ಕಾರು ತಗೊಂಡರೆ ಎಲ್ಲಿ ನಿಲ್ಲಿಸುವುದು ಎಂದರು. ನಮ್ಮ ಹತ್ತಿರ ಕಾರಿಲ್ಲ. ಇವತ್ತಿಗೂ ಇಲ್ಲ. ಅವಸರ ಬೇಡ, ನವನಗರದ್ದೊಂದು ನೋಡಿ ಆಮೇಲೆ ತೀರ್ಮಾನ ಮಾಡೋಣ ಎಂದು ಗಾಡಿ ಹತ್ತಿಸಿದರು.

ನವನಗರದ ಮನೆಗೆ ಹೋದದ್ದು ಒಂದು ಶುಕ್ರವಾರ ಸಂಜೆ, ಅತ್ತೆಯನ್ನೂ ಕೂಡಿಸಿಕೊಂಡು ಆಟೋದಲ್ಲಿ. ಸೆಕ್ಟರ್ ಮುಗಿದು ಇನ್ನೇನು ಹೊಲ ಬರಬೇಕು ಎನ್ನುವ ಕಡೆ ಆ ಮನೆ. ರಸ್ತೆಗಳು ಅಗಲ, ನೆಟ್ಟಗೆ, ಎರಡೂ ಮಗ್ಗುಲು ಬೇವಿನ ಗಿಡ. ಒಂದು ಮನೆ, ಎರಡು ಖಾಲಿ ಪ್ಲಾಟು, ಮತ್ತೊಂದು ಮನೆ. ಖಾಲಿ ಪ್ಲಾಟುಗಳಲ್ಲಿ ಜಾಲಿ ಕಂಟಿ ಬೆಳೆದಿತ್ತು. ಆಟೋದವ ಯಾರನ್ನಾದರೂ ದಾರಿ ಕೇಳೋಣವೆಂದರೆ ಕೇಳಲು ಒಬ್ಬರೂ ಸಿಗಲಿಲ್ಲ. ಕಡೆಗೆ ಮನೆಯ ಯಜಮಾನರೇ ಗೇಟಿಗೆ ಬಂದು ಕೈ ಬೀಸಿದರು. ಇವರು ಇಳಿದವರೇ, ಆಹಾ, ಗಾಳಿ ನೋಡು ಎಂದರು. ಗಾಳಿಯೇನೋ ಇತ್ತು.

ಒಳಗೆ ಯಜಮಾನರು ಇವರಿಗೆ ಬೋರಿನ ನೀರು, ಮೂಲೆ ಪ್ಲಾಟಿನ ಲಾಭ, ವಾಸ್ತು ಎಲ್ಲ ತೋರಿಸಿದರು. ಅವರ ಹೆಂಡತಿ ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಸಣ್ಣ ಮೈಕಟ್ಟಿನ, ಕಾಸಿನಗಲ ಕುಂಕುಮದ ಹೆಂಗಸು. ನಮಗೆ ಚುರುಮುರಿ ಒಗ್ಗರಣೆಯ ಸುಸಲಾ ಕೊಟ್ಟರು, ಚಹಾ ಕೊಟ್ಟರು, ಹೊರಡುತ್ತೇವೆ ಅಂದಾಗ ಕೈ ಹಿಡಿದು ಮತ್ತೆ ಕೂಡಿಸಿ ಇನ್ನಷ್ಟು ಸುಸಲಾ ಹಾಕಿದರು. ಆಮೇಲೆ ದೇವರ ಮನೆಗೆ ಹೋಗಿ ತಟ್ಟೆ ತಂದರು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ, ಬೆಲ್ಲದ ಚೂರು, ಗುಳೇದಗುಡ್ಡದ ಒಂದು ಕುಪ್ಪಸದ ಖಣ.

"ಶುಕ್ರವಾರ ಬಂದಿ ತಂಗಿ. ಹಂಗ ಕಳಸಬಾರದು. ಮೂಡಲಕ್ಕ ಮುಖ ಮಾಡಿ ಕುಂದ್ರು."

ಉಡಿ ತುಂಬುತ್ತೇನೆ ಎಂದವರಿಗೆ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಕೂತು ಸೆರಗು ಒಡ್ಡಿದೆ. ಅವರು ಬೊಗಸೆ ಬೊಗಸೆ ಅಕ್ಕಿ ಹಾಕಿ, ಖಣ ಇಟ್ಟು, ಹಣೆಗೆ ಕುಂಕುಮ ಹಚ್ಚಿ, ಏಳು ತಾಯಿ ಎಂದರು. ಸೆರಗು ಗಂಟು ಕಟ್ಟಿ ಏಳುವಾಗ ಅತ್ತೆಯ ಮುಖ ನೋಡಿದೆ. ಸುಸಲಾ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಏನೋ ಮುಗಿಯಿತು ಎನ್ನುವ ಮುಖ.

ಆಟೋ ತಿರುವು ದಾಟಿದ ಮೇಲೆ ಅತ್ತೆ ಹೇಳಿದರು:

"ಮನಿ ನಿನ್ನ ಉಡಿಯಾಗ ಬಂದು ಬಿದ್ದೈತಿ. ಇನ್ನ ಬ್ಯಾರೆ ಕಡೆ ಯಾಕ ನೋಡೂದು?"

ನಾನು ನಗುತ್ತ, ಶುಕ್ರವಾರ ಮನೆಗೆ ಬಂದ ಮುತ್ತೈದೆಗೆ ಎಲ್ಲರೂ ತುಂಬುತ್ತಾರಲ್ಲ ಎಂದೆ. ಅತ್ತೆ ನಗಲಿಲ್ಲ. ಸುಮ್ಮನೆ ಬಂದವಳಿಗೆ ತುಂಬುವುದು ಬೇರೆ, ಮನೆ ಕೊಳ್ಳಲು ಬಂದವಳಿಗೆ ತುಂಬುವುದು ಬೇರೆ ಎಂದರು. ಆ ಹೆಂಗಸು ತನ್ನ ಮನೆಯ ಲಕ್ಷ್ಮಿಯನ್ನು ಎತ್ತಿ ನನ್ನ ಸೆರಗಿಗೆ ಹಾಕಿದ್ದಾಳೆ. ನಾನು ಬೇಡ ಎನ್ನದೆ ಗಂಟು ಕಟ್ಟಿಕೊಂಡು ಬಂದಿದ್ದೇನೆ. ಈಗ ಒಲ್ಲೆ ಎಂದರೆ ಲಕ್ಷ್ಮಿಗೆ ಒಲ್ಲೆ ಎಂದಂತೆ. ಇವರು ಮುಂದೆ ಡ್ರೈವರನ ಪಕ್ಕ ಕೂತಿದ್ದವರು ಹಿಂದೆ ತಿರುಗಿ, ಅವ್ವ ಹೇಳೂದ್ರಾಗ ಅರ್ಥ ಐತಿ ಎಂದರು. ದೇವರ ಮುಂದೆ ದೀಪ ಹಚ್ಚಲು ಬೆಂಕಿಪೆಟ್ಟಿಗೆ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲದ ಮನುಷ್ಯ. ಬನಶಂಕರಿಯ ಗುಡಿಗೆ ಹೋದರೆ ಚಪ್ಪಲಿ ಕಾಯಲು ಹೊರಗೇ ನಿಲ್ಲುತ್ತಾರೆ. ಅವತ್ತು ಅವರಿಗೆ ಉಡಿಯಲ್ಲಿ ಅರ್ಥ ಕಂಡಿತು.

ಉಡಿಯ ಅಕ್ಕಿಯನ್ನು ನಾವು ಹಾಗೇ ಇಡುವುದಿಲ್ಲ. ತಂದವಳು ಒಂದೆರಡು ದಿನದಲ್ಲಿ ಅದನ್ನು ಬೆಲ್ಲದನ್ನವೋ ಪಾಯಸವೋ ಮಾಡಿ ಮನೆಯವರಿಗೆಲ್ಲ ಬಡಿಸಬೇಕು. ಬಡಿಸಿದರೆ ಆ ಉಡಿ ಮನೆಗೆ ಸಂದ ಹಾಗೆ. ನಾನು ಅದನ್ನು ಬಿಚ್ಚಲೇ ಇಲ್ಲ. ಒಂದು ಬಿಳಿ ಅರಿವೆಯಲ್ಲಿ ಕಟ್ಟಿ ಅಡುಗೆಮನೆಯ ಮೇಲಿನ ನಾಗೊಂದಿಗೆಯಲ್ಲಿ, ಹಪ್ಪಳದ ಡಬ್ಬಿಯ ಪಕ್ಕ ಇಟ್ಟೆ. ಜಗಳ ಮಾಡಲು ನನಗೆ ಬರುವುದಿಲ್ಲ. ಬಂದ ಜಗಳವೂ ಅರ್ಧಕ್ಕೆ ಅಳುವಾಗಿ ಹೋಗುತ್ತದೆ. ಆದರೆ ಅಡುಗೆ ನನ್ನ ಕೈಯಲ್ಲಿತ್ತು. ಅಕ್ಕಿ ಬೇಯುವ ತನಕ ಮಾತು ಬೇಯದು ಅಂತ ನನ್ನ ಲೆಕ್ಕ.

ಅತ್ತೆ ದಿನಾ ಮುಂಜಾನೆ ಮಜ್ಜಿಗೆ ಕಡೆಯುವಾಗ ಮೇಲೆ ನೋಡುತ್ತಿದ್ದರು. ಇವತ್ತ ಬೆಲ್ಲದನ್ನ ಮಾಡ್ತೀಯೇನು ಅಂತ ಕೇಳುವರು. ನಾನು, ಬೆಲ್ಲ ತೀರಿದೆ ಎನ್ನುವೆ. ಮರುದಿನ ಬೆಲ್ಲ ತರಿಸುವರು. ನಾನು, ಇವತ್ತು ಸಂಕಷ್ಟಿ ಎನ್ನುವೆ. ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಹೋಳಿಗೆ ಮಾಡಬೇಕಲ್ಲ ಎಂದೆ. ಇಬ್ಬರೂ ಒಬ್ಬರಿಗೊಬ್ಬರು ಏರಿದ ದನಿಯಲ್ಲಿ ಮಾತಾಡಲಿಲ್ಲ. ಅದೇ ಒಲೆ, ಅದೇ ಎರಡು ಮಣೆ, ಮೇಲೆ ಆ ಗಂಟು. ಅಷ್ಟು ಸಣ್ಣ ಅಡುಗೆಮನೆಯಲ್ಲಿ ಅದರ ಕೆಳಗೇ ಕೂತು ಹೊತ್ತು ಹೊತ್ತಿಗೆ ರೊಟ್ಟಿ ಬಡಿಯುವಾಗ ನನಗೆ ಕುತ್ತಿಗೆಯ ಹಿಂದೆ ಯಾರೋ ನಿಂತ ಹಾಗೆ ಆಗುತ್ತಿತ್ತು. ವಿದ್ಯಾಗಿರಿಯ ಮನೆ ಇನ್ನೂ ಮಾರಿ ಹೋಗಿಲ್ಲವಂತೆ ಅಂತ ನಾನು ಇವರಿಗೆ ಊಟಕ್ಕೆ ಬಡಿಸುವಾಗ ಹೇಳಿದರೆ, ಇವರು ಚಟ್ನಿ ಹಾಕು ಎನ್ನುವರು.

ಒಂದು ದಿನ ಇವರು ಆಫೀಸಿಗೆ ಹೋದ ಮೇಲೆ, ಬಳೆ ಹಾಕಿಸಿಕೊಂಡು ಬರುತ್ತೇನೆ ಅಂತ ಅತ್ತೆಗೆ ಹೇಳಿ ಸಿಟಿ ಬಸ್ಸು ಹತ್ತಿ ನವನಗರಕ್ಕೆ ಹೋದೆ. ಆ ಮನೆಯಲ್ಲಿ ಗಂಡಸರಿಲ್ಲದ ಹೊತ್ತು ಹೇಗಿರುತ್ತದೆ ಎಂದು ನೋಡಬೇಕಾಗಿತ್ತು. ಬಸ್ಸಿಳಿದು ಬೇವಿನ ಗಿಡಗಳ ನೆರಳು ಹಿಡಿದು ನಡೆದೆ. ದಾರಿಯಲ್ಲಿ ನಾಯಿ ಬಿಟ್ಟರೆ ನನ್ನನ್ನು ಯಾವ ಊರು ಅಂತ ಕೇಳುವವರಿರಲಿಲ್ಲ.

ಆಕೆ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿಕೊಂಡು ಗೇಟಿನ ಕಡೆ ಮುಖ ಮಾಡಿ ಕೂತಿದ್ದರು. ನನ್ನನ್ನು ಕಂಡು ಎದ್ದ ಅವಸರಕ್ಕೆ ಕುರ್ಚಿ ಬಿತ್ತು. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಅಡುಗೆಮನೆಯಲ್ಲೇ ಕೂತು ಚಹಾ ಕುಡಿದೆವು. ನಾನು ಏನು ಕೇಳಲು ಬಂದಿದ್ದೆನೋ ಅದನ್ನು ಕೇಳುವ ಅಗತ್ಯ ಬೀಳಲಿಲ್ಲ, ಅವರೇ ಹೇಳುತ್ತ ಹೋದರು. ಹಾಲು ಪಾಕೀಟು ಗೇಟಿಗೆ ಬರುತ್ತದೆ, ಪೇಪರು ಗೇಟಿಗೆ ಬರುತ್ತದೆ, ಸಿಲಿಂಡರು ಗೇಟಿಗೆ ಬರುತ್ತದೆ. ತಂದವರೆಲ್ಲ ಗಾಡಿ ಬಂದ್ ಮಾಡದೆ ಕೊಟ್ಟು ಹೋಗುತ್ತಾರೆ. ಪಕ್ಕದ ಮನೆಯವರು ಒಳ್ಳೆಯವರು, ಮುಂಜಾನೆ ಇಬ್ಬರೂ ನೌಕರಿಗೆ ಹೋಗುತ್ತಾರೆ. ಮನೆ ಮಾರುವುದು ಯಾಕೆಂದರೆ, ಇಳಕಲ್ಲಿನಲ್ಲಿ ಆಕೆಯ ತಂಗಿಯ ಓಣಿಯಲ್ಲೇ ಒಂದು ಹಳೇ ಮನೆ ಸಿಕ್ಕಿದೆ. ಯಾವ ಓಣಿ ಎಂದು ಕೇಳಿದೆ. ಹೇಳಿದರು. ನನ್ನ ತವರು ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಅಲ್ಲಿ ಇನ್ನೂ ಮಗ್ಗದ ಸಪ್ಪಳ ಕೇಳುತ್ತದಂತೆ, ರಾತ್ರಿ ನಿದ್ದೆ ಬರುವುದಿಲ್ಲ ಅಂತ ತಂಗಿ ಬೈಯುತ್ತಾಳಂತೆ. ಬೈಕೋತ ಇರಲಿ, ನನಗ ಅದ ಬೇಕು, ಎಂದು ಆಕೆ ನಕ್ಕರು.

ಆಗ ನಾನು ಉಡಿಯ ಮಾತು ತೆಗೆದೆ. ಅವತ್ತು ನನಗೆ ತುಂಬಿದ್ದನ್ನು ನಮ್ಮ ಅತ್ತೆ ಹೇಗೆ ತಿಳಿದುಕೊಂಡಿದ್ದಾರೆ ಎಂದು ಹೇಳಿದೆ. ಆಕೆ ಬಾಯಿಗೆ ಸೆರಗು ಹಚ್ಚಿಕೊಂಡರು.

"ಅಯ್ಯ ತಂಗಿ, ಮನಿ ನೋಡಾಕ ಬಂದ ಎಲ್ಲಾ ಹೆಣಮಕ್ಕಳಿಗೂ ತುಂಬೇನಿ. ಈ ಮನಿಗಿ ಹೆಣಮಕ್ಕಳು ಬರೂದ ಅಪರೂಪ. ಬಂದವ್ರನ್ನ ಬರಿ ಉಡಿಲೆ ಹ್ಯಾಂಗ ಕಳಸ್ಲಿ? ಖಣದ ಅಂಗಡಿಯಾಂವ ಕೇಳ್ತಾನ, ಮನ್ಯಾಗ ಎಷ್ಟ್ ಲಗ್ನ ಅದಾವ್ರಿ ಅಂತ."

ನಾನೂ ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನನಗಿಂತ ಮೊದಲು ಬಂದವರೆಲ್ಲ ಉಡಿ ಕಟ್ಟಿಕೊಂಡು ಹೋಗಿ, ತಮಗೆ ಸರಿ ಕಂಡ ಕಡೆ ಮನೆ ಕೊಂಡು, ಆ ಅಕ್ಕಿಯನ್ನು ಉಂಡು ಸುಖವಾಗಿದ್ದರು. ಹೊರಡುವಾಗ ಆಕೆ ಗೇಟಿನ ತನಕ ಬಂದು, ನಿನ್ನ ಮನಸ್ಸಿಗಿ ಬಂದಲ್ಲಿ ತಗೋ ತಂಗಿ ಎಂದರು. ಆಮೇಲೆ ತಡೆದು, ಆದ್ರ ನಮ್ಮ ಮನಿ ಹೋಗದಿದ್ರ ನಾ ಇಲ್ಲೇ ಉಳಿತೇನಿ ನೋಡು, ಎಂದರು. ಅದನ್ನು ಅವರು ತಮಾಷೆಗೆ ಹೇಳಲಿಲ್ಲ.

ಬಸ್ಸಿನಲ್ಲಿ ಕೂತು ಆ ಮಾತನ್ನು ತಳ್ಳಿ ತಳ್ಳಿ ಒಂದು ಕಡೆ ಇಟ್ಟೆ. ನನ್ನ ಕೈಗೆ ಒಂದು ಸಾಕ್ಷಿ ಸಿಕ್ಕಿತ್ತು. ಸಂಜೆ ಇವರು ಬಂದು ಕೈಕಾಲು ತೊಳೆದು ಕೂತ ಮೇಲೆ, ಅತ್ತೆಯೂ ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದಾಗ, ಎಲ್ಲ ಹೇಳಿದೆ. ಬಳೆಯ ಸುಳ್ಳನ್ನೂ ಹೇಳಿದೆ. ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಿ, ಎಲ್ಲಾರಿಗೂ ತುಂಬ್ಯಾಳೇನು ಎಂದು ಕೇಳಿದರು. ಎಲ್ಲರಿಗೂ ಎಂದೆ. ಅವರು ಬೆರಳಲ್ಲಿ ಒಂದು ಕಾಳನ್ನು ತಿರುಗಿಸುತ್ತ ತಿರುಗಿಸುತ್ತ, ಹಂಗಾರ ಅದು ಬ್ಯಾರೆ ಆತು ಎಂದರು. ಸೋತೆ ಅನ್ನದೆ ಸೋತದ್ದು.

ಇವರು ಟವೆಲ್ಲಿನಿಂದ ಮುಖ ಒರೆಸುತ್ತಿದ್ದರು. ಟವೆಲ್ಲಿನ ಒಳಗಿಂದಲೇ ಹೇಳಿದರು:

"ಉಡಿ ಗಿಡಿ ಬಿಡು ನೀ. ನಾ ಮರುದಿನಾನ ಫೋನ್ ಮಾಡಿ ಅವರಿಗೆ ಮಾತು ಕೊಟ್ಟೇನಿ. ಸಂಚಕಾರದ ರೊಕ್ಕಾನೂ ಮುಟ್ಟೈತಿ."

ಮರುದಿನ ಎಂದರೆ ಶನಿವಾರ. ನಾನು ಆ ಗಂಟನ್ನು ನಾಗೊಂದಿಗೆಗೆ ಏರಿಸಿದ್ದೂ ಶನಿವಾರವೇ. ಅಲ್ಲಿಂದ ಇಲ್ಲಿತನಕ ಬೆಲ್ಲ ತೀರಿಸಿ, ಸಂಕಷ್ಟಿ ಹಿಡಿದು, ಹೋಳಿಗೆ ಬೇಯಿಸಿ ನಾನು ಕಾದದ್ದು ಏನನ್ನು? ಗೇಟಿನ ತನಕ ಬಂದು ನನ್ನನ್ನು ಕಳಿಸಿದ ಆಕೆಗೂ ಅವರ ಯಜಮಾನರು ಇದನ್ನು ಹೇಳಿರಲಿಲ್ಲ. ಅತ್ತೆ ಇವರನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ನನ್ನ ಕೇಳಬೇಕಾಗಿತ್ರಿ," ಎಂದೆ.

"ಕೇಳಿದ್ರ ನೀ ವಿದ್ಯಾಗಿರಿ ಅಂತಿದ್ದಿ."

ಅದು ಖರೆ. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮಳೆ ಬರುತ್ತದೆ, ಛತ್ರಿ ತಗೊಂಡೆ ಅನ್ನುವ ದನಿ. ಹುಟ್ಟಿದಾಗಿನಿಂದ ಇಕ್ಕಟ್ಟಿನಲ್ಲಿ ಬೆಳೆದ ಮನುಷ್ಯ, ಒಂದು ಪಡಸಾಲೆಯಲ್ಲಿ ಅಣ್ಣತಮ್ಮಂದಿರೆಲ್ಲ ಒಂದೇ ಜಮಖಾನೆಯ ಮೇಲೆ ಮಲಗಿದವರು. ಅವರಿಗೆ ಮನೆ ಎಂದರೆ ಕೈ ಚಾಚಿದರೆ ಏನೂ ತಾಗದ ಜಾಗ. ನನಗೆ ಮನೆ ಎಂದರೆ ಹೊರಗೆ ಕಾಲಿಟ್ಟರೆ ಯಾರಾದರೂ ತಾಗುವ ಜಾಗ. ಇದನ್ನು ಈಗ ಬರೆಯುವಾಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಅವತ್ತು ಬಾಯಿಗೆ ಬಂದಿದ್ದರೆ ಹೇಳುತ್ತಿದ್ದೆ.

ಮರುದಿನ ಅಕ್ಕಿ ಇಳಿಸಿ ಬೆಲ್ಲದನ್ನ ಮಾಡಿದೆ. ಯಾರೂ ಮಾಡು ಎಂದಿರಲಿಲ್ಲ. ಹುಳ ಬೀಳುತ್ತದೆಂದು ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡು ಉಂಡರು. ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು, ತುಸು ಏಲಕ್ಕಿ ಕಡಿಮಿ ಆತು ಅಂತ ನನಗೆ ಕೇಳುವ ಹಾಗೆ ಹೇಳಿದರು. ಏಲಕ್ಕಿ ಸರಿಯಾಗಿಯೇ ಇತ್ತು. ಬೇರೇನೋ ಹೇಳಲು ಬಾರದೆ ಹಾಗೆ ಹೇಳಿದರೆಂದು ನಾನು ತಿಳಿದುಕೊಂಡೆ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಹಳೇ ಓಣಿಯವರೆಲ್ಲ ಒಂದು ಟೆಂಪೋ ಮಾಡಿಕೊಂಡು ಬಂದರು. ಕೋಣೆ ಕೋಣೆ ತಿರುಗಿ, ಅರಮನಿ ಆತಲ್ಲವ್ವ ಎಂದರು. ಚಾಚಿ ಮಾತ್ರ ಗೇಟಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, ಇಲ್ಲಿ ಬಳೆ ಯಾರಿಗೆ ಮಾರಬೇಕು ಎಂದು ಕೇಳಿದಳು. ಊಟ ಮಾಡಿ ಟೆಂಪೋ ಹತ್ತಿ ಎಲ್ಲರೂ ಹೋದರು. ಆ ಸಂಜೆ ಪಾತ್ರೆ ಬೆಳಗುವಾಗ ಪಾತ್ರೆಯ ಸಪ್ಪಳ ನನಗೇ ದೊಡ್ಡದಾಗಿ ಕೇಳಿತು.

ಮನೆಯಲ್ಲಿ ಕೊರತೆ ಹುಡುಕಿದರೂ ಸಿಗುವುದಿಲ್ಲ. ಬೆಳಕಿದೆ, ನೀರಿದೆ, ಅಡುಗೆಮನೆಯಲ್ಲಿ ನಾಲ್ಕು ಜನ ಓಡಾಡಬಹುದು. ಇವರು ಹಿತ್ತಿಲಲ್ಲಿ ಬದನೆ, ಮೆಣಸಿನಕಾಯಿ ಹಾಕಿದ್ದಾರೆ. ರವಿವಾರ ಸಂಜೆ ಕೈಕಾಲು ಚಾಚಿ ಅಂಗಳದಲ್ಲಿ ಕೂತು, ನೋಡು, ಒಬ್ಬರ ಸಪ್ಪಳ ಇಲ್ಲ ಎನ್ನುತ್ತಾರೆ. ಸುಖವಾಗಿ ಹೇಳುತ್ತಾರೆ. ನನಗೆ ಪ್ಯಾಟಿಯಲ್ಲಿ ಏನಾದರೂ ಬೇಕಾದರೆ, ಎಲ್ಲಿಗೆ ಹೋಗಬೇಕು ಹೇಳು, ಬಿಡ್ತೇನಿ ಎನ್ನುತ್ತಾರೆ. ಬಿಡುತ್ತಾರೆ ಕೂಡ, ಒಂದು ದಿನವೂ ಬೇಸರ ಮಾಡಿಲ್ಲ. ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ, ಬಂದ್ ಮಾಡದೆ, ನಾನು ತಿರುಗಿ ಬರುವ ತನಕ ಕೂತಿರುತ್ತಾರೆ. ಕಾಯುತ್ತಿದ್ದಾರಲ್ಲ ಎಂದು ನಾನು ಬೇಗ ಬೇಗ ಕೊಂಡು ಬಂದುಬಿಡುತ್ತೇನೆ. ಅತ್ತೆ ಈಗ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಆ ಜಾಗವನ್ನು ಯಾರೂ ಅವರಿಗೆ ತೋರಿಸಿಕೊಟ್ಟಿರಲಿಲ್ಲ.

ಇಲ್ಲಿಯ ಹೆಂಗಸರು ನಡೆಯುವುದಿಲ್ಲ ಅಂತಲ್ಲ. ಬೆಳಕು ಹರಿಯುವ ಹೊತ್ತಿಗೆ ಬೂಟು ಹಾಕಿಕೊಂಡು ನಡೆಯುತ್ತಾರೆ. ಕೈ ಬೀಸಿಕೊಂಡು, ಕೈಯಲ್ಲಿ ಚೀಲವಿಲ್ಲದೆ, ಎಲ್ಲಿಗೂ ಹೋಗದೆ ನಡೆಯುತ್ತಾರೆ. ಡಾಂಬರು ಮುಗಿಯುವ ಕಡೆ ಒಂದು ಕರೆಂಟಿನ ಕಂಬವಿದೆ, ಎಲ್ಲರೂ ಅದನ್ನು ಮುಟ್ಟುವಷ್ಟು ಹತ್ತಿರ ಹೋಗಿ ತಿರುಗುತ್ತಾರೆ. ನನ್ನ ಮೊಣಕಾಲಿಗೆ ಒಳ್ಳೆಯದೆಂದು ಇವರು ನನಗೂ ಬೂಟು ತಂದುಕೊಟ್ಟರು. ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ನಾನೂ ಹೊರಟೆ. ಮೊದಲ ದಿನ ಅತ್ತೆ ನೋಡಿ, ಪೊಲೀಸ್ ಆದೆಲ್ಲ ಬೇ ಎಂದರು. ಎದುರು ಬಂದವರು ಗುಡ್ ಮಾರ್ನಿಂಗ್ ಎನ್ನುತ್ತಾರೆ. ನಾನೂ ಎನ್ನುತ್ತೇನೆ. ನಿಂತು ಮತ್ತೊಂದು ಮಾತು ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ದಾಟಿರುತ್ತಾರೆ.

ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಕಂಬ ಬಂತು, ನಾನು ತಿರುಗಲಿಲ್ಲ. ಏನೂ ನಿಶ್ಚಯ ಮಾಡಿರಲಿಲ್ಲ. ಕಾಲು ಹೋಗುತ್ತಿತ್ತು, ಹೋಗಲಿ ಎಂದು ಬಿಟ್ಟೆ. ಮಣ್ಣಿನ ದಾರಿ ಹೋಗಿ ಮತ್ತೊಂದು ಸೆಕ್ಟರಿಗೆ ಸೇರಿತು. ಅದರ ರಸ್ತೆಗಳೂ ನಮ್ಮವೇ ಎನ್ನುವ ಹಾಗೆ ಇದ್ದವು. ಅವೇ ಬೇವಿನ ಗಿಡ, ಅವೇ ಗೇಟು. ದೊಡ್ಡ ರಸ್ತೆ ಸಿಕ್ಕಿತು. ಊರಿನ ಕಡೆ ಯಾವುದು ಎಂದು ಬಸ್ಸು ಹೋಗುವುದನ್ನು ನೋಡಿ ಗುರುತು ಹಿಡಿದು, ಅದರ ಮಗ್ಗುಲಿಗೆ ನಡೆದೆ. ಹೆಜ್ಜೆ ಹಗುರಾಗಿತ್ತು. ಹೊತ್ತೇರಿತು. ಲಾರಿಗಳು ಹಾದು ಹೋದಾಗ ಧೂಳು ಮುಖಕ್ಕೆ ಹೊಡೆಯುತ್ತಿತ್ತು. ಹೊಸ ಬೂಟು ಹಿಮ್ಮಡಿ ಕಚ್ಚತೊಡಗಿತು. ಬಸ್ಸು ಹತ್ತೋಣವೆಂದರೆ ಕೈಯಲ್ಲಿ ಪರ್ಸ್ ಇಲ್ಲ. ವಾಕಿಂಗಿಗೆ ಯಾರು ಪರ್ಸ್ ಒಯ್ಯುತ್ತಾರೆ? ಸೊಂಟಕ್ಕೆ ಸಿಕ್ಕಿಸಿದ ಮೊಬೈಲು ಒಂದೇ ಇತ್ತು. ಕಡೆಗೆ ಒಂದು ಪಂಕ್ಚರ್ ಅಂಗಡಿಯ ಮುಂದೆ, ಹಾಕಿಟ್ಟಿದ್ದ ಹಳೇ ಟೈರಿನ ಮೇಲೆ ಕೂತು, ಬೂಟು ಬಿಚ್ಚಿ, ಇವರಿಗೆ ಫೋನು ಮಾಡಿದೆ.

ಬಂದರು. ಬನಿಯನ್ ಮೇಲೆ ಸ್ವೆಟರ್ ಹಾಕಿಕೊಂಡು ಬಂದುಬಿಟ್ಟಿದ್ದರು. ಏನೋ ಆಗಿದೆ ಎಂದು ಹೆದರಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನನ್ನು, ನನ್ನ ಕಾಲನ್ನು, ಕೈಯಲ್ಲಿದ್ದ ಬೂಟನ್ನು ನೋಡಿದರು. ಎಲ್ಲಿ ಹೊಂಟಿದ್ದಿ ಎಂದು ಕೇಳಿದರು. ಊರಾಗ, ಎಂದೆ.

"ಹೇಳಿದ್ರ ನಾ ಬಿಡ್ತಿದ್ನಲ್ಲ."

"ಅದಕ್ಕ ಹೇಳಲಿಲ್ಲ."

ಅವರು ಗಾಡಿಯ ಹ್ಯಾಂಡಲನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸಿದರು. ಒಂದು ಬಸ್ಸು ನಮ್ಮ ಮುಂದೆಯೇ ಊರಿನ ಕಡೆ ಹೋಯಿತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಇಬ್ಬರೂ ಅದು ಕಾಣದಾಗುವ ತನಕ ನೋಡಿದೆವು. ಬಿಸಿಲು ನೆತ್ತಿಗೆ ಹತ್ತುತ್ತಿತ್ತು. ಅತ್ತೆ ಮುಂಜಾನೆಯ ಗುಳಿಗೆ ತಗೊಂಡಿರಲಿಲ್ಲ, ರೊಟ್ಟಿಗೆ ಹಿಟ್ಟು ಹಾಗೇ ಇತ್ತು. ಬೂಟಿನ ದಾರ ಒಂದಕ್ಕೊಂದು ಗಂಟು ಹಾಕಿ, ಹೆಗಲಿಗೆ ಜೋತು ಬಿಟ್ಟುಕೊಂಡು, ಬರಿಗಾಲಲ್ಲಿ ಗಾಡಿಯ ಹಿಂದೆ ಹತ್ತಿ ಕೂತೆ. ಇವರು ನಿಧಾನಕ್ಕೆ ನವನಗರದ ಕಡೆ ತಿರುಗಿಸಿದರು.